ಗುತ್ತಿಗೆದಾರನೋ, ಗುತ್ತಿಗೆದಾರನ ಕೆಲಸಗಾರನೋ? ಪರಿಹಾರ ಕಾಯ್ದೆಯ ಟಿಪ್ಪಣಿ

ಕೆಲಸದಲ್ಲಿ ಅಪಘಾತವಾಗಿ ಗಾಯಗೊಂಡರೆ, ಸತ್ತರೆ ಮಾಲೀಕ ಪರಿಹಾರ ಕೊಡಬೇಕೆನ್ನುವ ನೌಕರರ ಪರಿಹಾರ ಕಾಯ್ದೆ, 1923ನ್ನು ಓದುವಾಗ ಶಿವಮೊಗ್ಗದ ನಮ್ಮ ಓದುಗುಂಪು ಪ್ರತಿ ಸಲವೂ ಒಂದೇ ಕಡೆ ಎಡವುತ್ತದೆ. ‘ಗುತ್ತಿಗೆ’ ಎಂಬ ಪದ ಕಂಡರೆ ಸಾಕು, ‘ಪರಿಹಾರವಿಲ್ಲ’ ಎಂದು ಬರೆದುಬಿಡುತ್ತೇವೆ. ಆದರೆ ಗುತ್ತಿಗೆದಾರ ಬೇರೆ, ಅವನ ಕೈಕೆಳಗೆ ದುಡಿಯುವವನು ಬೇರೆ. ಈ ವ್ಯತ್ಯಾಸ ತಿಳಿದರೆ ಅರ್ಧ ಪಾಠ ಮುಗಿದಂತೆ.

ಮೊದಲು ಕಾಯ್ದೆಯ ಎರಡನೇ ಅನುಸೂಚಿ, ಅಂದರೆ ಯಾವ ಯಾವ ಕೆಲಸದವರು ನೌಕರರು ಎಂಬ ಪಟ್ಟಿ, ತೆರೆಯಿರಿ. ನೆಲದಡಿಯ ಪೆಟ್ರೋಲಿಯಂ, ನೈಸರ್ಗಿಕ ಅನಿಲ ತೆಗೆಯುವವರೂ ಅಲ್ಲಿದ್ದಾರೆ, ಕಾಫಿ ತೋಟದವರೂ ಮರ ಕಡಿಯುವವರೂ ಇದ್ದಾರೆ. ತೈಲಬಾವಿಯ ಕಾನೂನು ಮಲೆನಾಡಿಗೆ ದೂರದ್ದೇನಲ್ಲ.

ತೀರ್ಥಹಳ್ಳಿ ಕಡೆಯ ಒಬ್ಬ ವೆಲ್ಡರನ್ನು ಊಹಿಸಿಕೊಳ್ಳಿ. ಆಗುಂಬೆ ಘಾಟಿ ಇಳಿದು ಕರಾವಳಿಯ ತೈಲ ಶುದ್ಧೀಕರಣ ಸ್ಥಾವರಕ್ಕೆ ದುರಸ್ತಿ ಕೆಲಸಕ್ಕೆ ಹೋಗಿದ್ದಾನೆ. ಕೂಲಿ ಕೊಡುವವನು ಗುತ್ತಿಗೆದಾರ. ಕೊಳವೆ ಸಿಡಿದು ಕೈ ಹೋದರೆ ‘ಅವನು ನಮ್ಮವನಲ್ಲ’ ಎಂದು ಕಂಪನಿ ಹೇಳಬಹುದೇ? 12ನೇ ಕಲಂ ಹಾಗೆ ಹೇಳಲು ಬಿಡುವುದಿಲ್ಲ. ಕೆಲಸವು ಕಂಪನಿಯ ವ್ಯವಹಾರದ ಸಾಮಾನ್ಯ ಭಾಗವಾಗಿದ್ದು, ಅಪಘಾತ ಅದರ ಹತೋಟಿಯಲ್ಲಿರುವ ಜಾಗದಲ್ಲೋ ಅದರ ಆಸುಪಾಸಿನಲ್ಲೋ ನಡೆದಿದ್ದರೆ, ತಾನೇ ನೇಮಿಸಿಕೊಂಡವನೆಂಬಂತೆ ಕಂಪನಿಯೇ ಪರಿಹಾರ ಕೊಡಬೇಕು. ಆಮೇಲೆ ಅದನ್ನು ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು. ವೆಲ್ಡರ್ ಬಯಸಿದರೆ ನೇರವಾಗಿ ಗುತ್ತಿಗೆದಾರನನ್ನೇ ಕೇಳಬಹುದು. ಕೊಳವೆ ದುರಸ್ತಿಯಾಗದೆ ಸ್ಥಾವರ ನಡೆಯುವುದಿಲ್ಲ, ಆದ್ದರಿಂದ ಅದು ವ್ಯವಹಾರದ ಭಾಗವೇ ಎಂಬುದು ನನ್ನ ವಾದ.

ಈಗ ಸ್ವತಂತ್ರ ಗುತ್ತಿಗೆದಾರ. ತನ್ನದೇ ಕ್ರೇನ್ ತಂದು, ಇಂದು ಇಲ್ಲಿ ನಾಳೆ ಅಲ್ಲಿ ಎಂದು ದರ ಮಾತಾಡಿ, ತನ್ನ ರೀತಿಯಲ್ಲಿ ಕೆಲಸ ಮುಗಿಸಿಕೊಡುವವನು ನೌಕರನಲ್ಲ. ಅವನಿಗೆ ಅವನ ವಿಮೆಯೇ ಆಸರೆ. ಅವನ ಸಹಾಯಕ ಮಾತ್ರ ಕಾಯ್ದೆಯ ನೆರಳಿನಲ್ಲಿದ್ದಾನೆ.

ಗೆರೆ ಎಳೆಯುವುದು ಹೇಗೆ? ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಪ್ರಕರಣದ 1956ರ ತೀರ್ಪನ್ನು ಓದಲೇಬೇಕು. ಉಪ್ಪಿನ ಗದ್ದೆಯಲ್ಲಿ ಉಪ್ಪು ತಯಾರಿಸುವ ಅಗರಿಯಾಗಳಿಗೆ ತೂಕದ ಲೆಕ್ಕದಲ್ಲಿ ಹಣ ಸಿಗುತ್ತಿತ್ತು, ಅವರು ತಾವೇ ಆಳುಗಳನ್ನೂ ಕರೆತರುತ್ತಿದ್ದರು. ಆದರೂ ಸುಪ್ರೀಂ ಕೋರ್ಟ್ ಅವರನ್ನು ಕೆಲಸಗಾರರೆಂದೇ ಎಣಿಸಿತು. ಏನು ಮಾಡಬೇಕು ಎಂಬುದನ್ನಷ್ಟೇ ಅಲ್ಲ, ಹೇಗೆ ಮಾಡಬೇಕು ಎಂಬುದನ್ನೂ ಹೇಳುವ ಹಕ್ಕು ಯಾರದು ಎಂಬುದೇ ಮುಖ್ಯ ಪ್ರಶ್ನೆ. ಅದು ಕೈಗಾರಿಕಾ ವಿವಾದ ಕಾಯ್ದೆಯ ಪ್ರಕರಣವಾದರೂ ಒರೆಗಲ್ಲು ಇಲ್ಲಿಗೂ ಸಲ್ಲುತ್ತದೆ. ನಮ್ಮಲ್ಲಿ ಅಕೇಶಿಯಾ ನೆಡುತೋಪು ಕಡಿಯುವವರಿಗೂ ಟನ್ ಲೆಕ್ಕದಲ್ಲೇ ಕೂಲಿ ಸಿಗಬಹುದು. ಅಷ್ಟರಿಂದಲೇ ಅವರು ಗುತ್ತಿಗೆದಾರರಾಗುವುದಿಲ್ಲ.

ಲೆಕ್ಕ ಸುಲಭ. ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಅಂಶದಿಂದ, ಅಂದರೆ ಪ್ರತಿ ವಯಸ್ಸಿಗೆ ಕಾಯ್ದೆಯ ಅನುಸೂಚಿ ಕೊಟ್ಟಿರುವ ಸಂಖ್ಯೆಯಿಂದ, ಗುಣಿಸಬೇಕು. 2020ರ ಜನವರಿಯ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 15,000 ರೂಪಾಯಿ. ವಯಸ್ಸು 40 ಆಗಿದ್ದರೆ ಅಂಶ 184.17, ಮೊತ್ತ 13,81,275 ರೂಪಾಯಿ. ಪೂರ್ಣ ಶಾಶ್ವತ ಅಂಗವಿಕಲತೆಗೆ ಅರ್ಧದ ಬದಲು ಶೇ 60. ನೌಕರರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಯಲ್ಲಿರುವವರು ಅಲ್ಲಿಯೇ ಕೇಳಬೇಕು. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ, 2020 ಬಂದಿದೆ. ನಾನು ಕೊಟ್ಟಿರುವ ಕಲಂಗಳ ಸಂಖ್ಯೆ ಹಳೆಯ ಕಾಯ್ದೆಯವು, ಗುತ್ತಿಗೆಯ ತತ್ವ ಹಾಗೆಯೇ ಮುಂದುವರಿದಿದೆ.

ಪರೀಕ್ಷೆಗಿಂತ ಹೆಚ್ಚಾಗಿ ಊರಿಗೆ ಬೇಕಾದ ಮಾತೊಂದಿದೆ. ಮರ ಬಿದ್ದು ಸತ್ತವನ ಮನೆಯಲ್ಲಿ ಸೂತಕ ಕಳೆಯುವ ಮೊದಲೇ ಒಂದಿಷ್ಟು ಹಣ ಕೊಟ್ಟು, ಛಾಪಾ ಕಾಗದದ ಮೇಲೆ ಹೆಂಡತಿಯ ಹೆಬ್ಬೆಟ್ಟು ಒತ್ತಿಸಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. 17ನೇ ಕಲಂ ಪ್ರಕಾರ ಹಕ್ಕು ಬಿಟ್ಟುಕೊಡುವ ಅಂಥ ಕರಾರು ಅನೂರ್ಜಿತ. 8ನೇ ಕಲಂ ಪ್ರಕಾರ ಸಾವಿನ ಪರಿಹಾರವನ್ನು ಕಾಯ್ದೆಯಡಿ ನೇಮಕವಾದ ಪರಿಹಾರ ಆಯುಕ್ತರಲ್ಲಿ ಠೇವಣಿ ಇಡಬೇಕು. ಹೆಬ್ಬೆಟ್ಟು ಒತ್ತಿದ್ದರೂ ಆಕೆ ಸಾವಿನ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬಹುದು.