12 ಸ್ಪೀಡ್ ಗೇರ್ ಕೊಳ್ಳುವ ಮೊದಲು ಹಿಂಚಕ್ರದ ಹಬ್ ನೋಡಿ

ಓದುಗರ ಪ್ರಶ್ನೆ: ಹಳೆಯ ಫ್ರೇಮ್ ಮತ್ತು ಚಕ್ರಗಳನ್ನೇ ಇಟ್ಟುಕೊಂಡು ಮೌಂಟನ್ ಬೈಕ್ ಕಟ್ಟುತ್ತಿದ್ದೇನೆ. ಈಗ ಶಿಮಾನೊ 9 ಸ್ಪೀಡ್ ಗೇರ್ (ಹಿಂದೆ 9 ಹಲ್ಲುಚಕ್ರ) ಇದೆ. ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು), ಚೈನ್ ಮತ್ತು ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಮಾತ್ರ ಹೊಸದಾಗಿ ಕೊಂಡು 12 ಸ್ಪೀಡ್ ಮಾಡಿಕೊಳ್ಳಬಹುದೇ?

ಉತ್ತರ: ಆಗುವುದಿಲ್ಲ. ಶಿಫ್ಟರನ್ನೂ (ಹ್ಯಾಂಡಲಿನ ಮೇಲಿನ ಗೇರ್ ಬದಲಿಸುವ ಸನ್ನೆ) ಬದಲಿಸಲೇಬೇಕಾಗುತ್ತದೆ. ಆದರೆ ಅದಕ್ಕೂ ಮುಂಚೆ, ನಿಮ್ಮ ಹಿಂಚಕ್ರದ ಮೇಲೆ ಆ ಹೊಸ ಕ್ಯಾಸೆಟ್ ಕೂರುತ್ತದೆಯೇ ಎಂಬುದನ್ನು ನೋಡಬೇಕು. ಹೆಚ್ಚಿನವರು ಡಿರೇಲರ್ ಆರಿಸುವುದರಿಂದ ಶುರುಮಾಡುತ್ತಾರೆ. ಹಬ್‌ನಿಂದ, ಅಂದರೆ ಚಕ್ರದ ನಡುಭಾಗದಿಂದ, ಶುರುಮಾಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಹಬ್ ಹೊಂದದಿದ್ದರೆ ಚಕ್ರವನ್ನೇ ಬದಲಿಸುವ ಖರ್ಚು ಬರಬಹುದು.

ಹಳೆಯ ಕ್ಯಾಸೆಟ್ಟನ್ನು ಬಿಚ್ಚಿದರೆ ಉದ್ದುದ್ದ ಕಚ್ಚುಗಳಿರುವ ಒಂದು ಉರುಳೆ ಕಾಣುತ್ತದೆ. ಅದೇ ಫ್ರೀಹಬ್. ನಿಮ್ಮದು ಬಹುಮಟ್ಟಿಗೆ ಎಚ್‌ಜಿ ಎಂಬ ಶಿಮಾನೊದ ಹಳೆಯ ಮಾದರಿಯದ್ದಾಗಿರುತ್ತದೆ. ಈ ಉರುಳೆ ಸಾಕಷ್ಟು ದಪ್ಪವಿರುವುದರಿಂದ ಅದರ ಮೇಲೆ ಕೂರುವ ಅತಿ ಚಿಕ್ಕ ಹಲ್ಲುಚಕ್ರಕ್ಕೆ ಸಾಮಾನ್ಯವಾಗಿ 11 ಹಲ್ಲುಗಳಿರುತ್ತವೆ. ಶಿಮಾನೊ ಕಂಪನಿಯ 12 ಸ್ಪೀಡ್ ಮೌಂಟನ್ ಕ್ಯಾಸೆಟ್ಟುಗಳು 10 ಅಥವಾ ಅದಕ್ಕೂ ಕಡಿಮೆ ಹಲ್ಲಿನಿಂದ ಶುರುವಾಗುವುದರಿಂದ ಅವುಗಳಿಗೆ 2018ರಲ್ಲಿ ಬಂದ ಮೈಕ್ರೋ ಸ್ಪ್ಲೈನ್ ಫ್ರೀಹಬ್ಬೇ ಬೇಕು. ಇನ್ನೊಂದು ಕಂಪನಿಯಾದ ಸ್ರ್ಯಾಮ್‌ನ 10-50, 10-52 (ಅತಿ ಚಿಕ್ಕ ಮತ್ತು ಅತಿ ದೊಡ್ಡ ಹಲ್ಲುಚಕ್ರದ ಹಲ್ಲುಗಳ ಎಣಿಕೆ) ಕ್ಯಾಸೆಟ್ಟುಗಳಿಗೆ ಎಕ್ಸ್‌ಡಿ ಎಂಬ ಫ್ರೀಹಬ್ ಬೇಕು. ಅದೇ ಸ್ರ್ಯಾಮ್‌ನ ಎನ್‌ಎಕ್ಸ್ ಈಗಲ್ 11-50 ಕ್ಯಾಸೆಟ್ ಮಾತ್ರ ಎಚ್‌ಜಿ ಮೇಲೆಯೇ ಕೂರುತ್ತದೆ. ಕಡಿಮೆ ಬೆಲೆಯ ಬೈಕುಗಳಲ್ಲಿ ಕ್ಯಾಸೆಟ್ಟೇ ಇರದೆ, ತಿರುಪಿನಂತೆ ಹಬ್‌ಗೆ ಬಿಗಿಯುವ ಫ್ರೀವೀಲ್ ಇರುವುದುಂಟು. ಹಾಗಿದ್ದರೆ ಹಬ್ ಬದಲಿಸದೆ ಬೇರೆ ದಾರಿಯಿಲ್ಲ.

ಇನ್ನು ಶಿಫ್ಟರ್ ಮತ್ತು ಡಿರೇಲರ್. ಇವೆರಡೂ ಜೋಡಿ, ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬಾರದು. ಶಿಫ್ಟರನ್ನು ಒಮ್ಮೆ ಒತ್ತಿದಾಗ ಅದು ಕೇಬಲನ್ನು ಇಂತಿಷ್ಟು ಎಂದು ಎಳೆಯುತ್ತದೆ, ಆ ಎಳೆತಕ್ಕೆ ಡಿರೇಲರ್ ತನ್ನದೇ ಅನುಪಾತದಲ್ಲಿ ಸರಿಯುತ್ತದೆ. ಶಿಮಾನೊ 9 ಸ್ಪೀಡ್ ಡಿರೇಲರ್ ಕೇಬಲಿನ ಒಂದು ಮಿ.ಮೀ. ಎಳೆತಕ್ಕೆ ಸುಮಾರು 1.7 ಮಿ.ಮೀ. ಸರಿದರೆ, ಅದರ ನಂತರ ಬಂದ 10 ಸ್ಪೀಡ್ ಮೌಂಟನ್ ಡಿರೇಲರ್ ಸುಮಾರು 1.2 ಮಿ.ಮೀ. ಮಾತ್ರ ಸರಿಯುತ್ತದೆ. ಆ 10 ಸ್ಪೀಡ್ ಶಿಫ್ಟರ್ ಪ್ರತಿ ಒತ್ತಿಗೆ ಸುಮಾರು 3.4 ಮಿ.ಮೀ. ಎಳೆಯುತ್ತದೆ. ಅದಕ್ಕೆ ಹಳೆಯ 9 ಸ್ಪೀಡ್ ಡಿರೇಲರ್ ಜೋಡಿಸಿದರೆ ಒಂದೊಂದು ಒತ್ತಿಗೂ 5.8 ಮಿ.ಮೀ.ನಷ್ಟು ಸರಿದು, ಚೈನ್ ಒಂದೂವರೆ ಹಲ್ಲುಚಕ್ರ ದಾಟಿ ನಿಲ್ಲಲು ನೋಡುತ್ತದೆ. ಕೇಬಲ್ ಬಿಗಿಮಾಡಿ, ಸಡಿಲಿಸಿ ಇದನ್ನು ಸರಿಪಡಿಸಲಾಗದು. ಇಂಥ ಜೋಡಣೆಯೊಂದಿಗೆ ಒಂದು ಇಡೀ ಸಂಜೆ ಹೆಣಗಿದವನಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ. ವ್ಯತ್ಯಾಸ ಚಿಕ್ಕದಾಗಿದ್ದರೂ ಅದು ಕೂಡುತ್ತಾ ಹೋಗುತ್ತದೆ: ಒಂದು ಒತ್ತಿಗೆ 0.2 ಮಿ.ಮೀ. ತಪ್ಪಿದರೂ ಹತ್ತನೆಯ ಒತ್ತಿನ ಹೊತ್ತಿಗೆ 2 ಮಿ.ಮೀ. ಆಗಿ, ಚೈನ್ ಎರಡು ಹಲ್ಲುಚಕ್ರಗಳ ನಡುವೆ ಕಟಕಟ ಸದ್ದು ಮಾಡುತ್ತದೆ.

ಡಿರೇಲರ್ ಕೊಳ್ಳುವಾಗ ಅದು ಎಷ್ಟು ಹಲ್ಲಿನ ದೊಡ್ಡ ಚಕ್ರದವರೆಗೆ ತಾಳುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಚೈನ್ ಕ್ಯಾಸೆಟ್ಟಿನಷ್ಟೇ ಸ್ಪೀಡಿನದ್ದಿರಲಿ, ಕ್ಯಾಸೆಟ್ ತಯಾರಕರು ಸೂಚಿಸಿದ್ದೇ ಇರಲಿ. ಮುಂದೆ ಒಂದೇ ಚೈನ್‌ರಿಂಗ್ (ಪೆಡಲಿನ ಬಳಿಯ ಹಲ್ಲುಚಕ್ರ) ಇಡುವುದಾದರೆ ಹಲ್ಲುಗಳು ಒಂದು ದಪ್ಪ, ಒಂದು ತೆಳುವಾಗಿರುವಂಥದ್ದನ್ನು ಆರಿಸಿ. ಹಾದಿ ಕುಲುಕಿದಾಗ ಚೈನ್ ಜಾರದಂತೆ ಅದು ಹಿಡಿದಿಡುತ್ತದೆ. ಬೂಸ್ಟ್ ಎಂಬ 148 ಮಿ.ಮೀ. ಅಗಲದ ಹಬ್‌ಗೆಂದು ಮಾಡಿದ ಕ್ರ್ಯಾಂಕಿನಲ್ಲಿ (ಪೆಡಲುಗಳು ಕೂರುವ ತೋಳುಗಳ ಜೋಡಿ) ಚೈನ್‌ರಿಂಗ್ ಸುಮಾರು 3 ಮಿ.ಮೀ. ಹೊರಗಿರುವುದರಿಂದ, ನಿಮ್ಮ ಹಳೆಯ ಕಿರಿದಾದ ಹಬ್‌ನೊಂದಿಗೆ ಅದನ್ನು ಬಳಸಿದರೆ ದೊಡ್ಡ ಹಲ್ಲುಚಕ್ರದಲ್ಲಿ ಚೈನ್ ಹೆಚ್ಚು ಓರೆಯಾಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ 12 ಸ್ಪೀಡಿನ ಆಸೆ ಬಿಟ್ಟು ಶಿಮಾನೊ ಡಿಯೋರ್ ಎಂ5100 ಸರಣಿಯ 11 ಸ್ಪೀಡ್ ಶಿಫ್ಟರ್, ಉದ್ದ ಪಂಜರದ (ಚೈನನ್ನು ಬಿಗಿಯಾಗಿಡುವ ಕೆಳತೋಳು ಉದ್ದವಿರುವ) ಡಿರೇಲರ್ ಮತ್ತು 11-51 ಕ್ಯಾಸೆಟ್ ಕೊಳ್ಳುತ್ತಿದ್ದೆ. ಆ ಕ್ಯಾಸೆಟ್ ಎಚ್‌ಜಿ ಫ್ರೀಹಬ್ ಮೇಲೆಯೇ ಕೂರುವುದರಿಂದ ಚಕ್ರ ಬದಲಿಸುವ ಖರ್ಚು ಉಳಿಯುತ್ತದೆ. ದೊಡ್ಡ ಚಕ್ರಕ್ಕೆ ಇಲ್ಲೂ 51 ಹಲ್ಲುಗಳೇ. ಹಾಗಾಗಿ ಏರು ಹತ್ತುವಾಗ 10-51ರ 12 ಸ್ಪೀಡ್ ಗೇರಿನಷ್ಟೇ ಹಗುರವಾಗಿ ತುಳಿಯಬಹುದು, ಇಳಿಜಾರಿನ ಕೊನೆಯ ಗೇರಿನಲ್ಲಿ ಮಾತ್ರ ಒಂದು ಹಲ್ಲಿನಷ್ಟು ವೇಗ ಕಡಿಮೆಯಾಗುತ್ತದೆ.