ಗೇಟು ತೆಗೆಸಿದ್ದು ಯಾರು?

ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಹಿರಿಯರಿಗೆ ಫುಟ್‌ಬಾಲ್ ಅಂದರೆ ಹೈದರಾಬಾದ್. 1956ರ ನವೆಂಬರ್ 1ರವರೆಗೆ ನಾವೆಲ್ಲ ಆ ರಾಜ್ಯದವರೇ. ಆ ಕಾಲದಲ್ಲಿ ಹೈದರಾಬಾದಿನ ಜನ ತಲೆ ಮೇಲೆ ಹೊತ್ತು ಮೆರೆಸಿದ ತಂಡದ ಹೆಸರು ಹೈದರಾಬಾದ್ ಸಿಟಿ ಪೊಲೀಸ್. ಹೌದು, ಪೊಲೀಸರದೇ ತಂಡ. ಸೈಯದ್ ಅಬ್ದುಲ್ ರಹೀಮ್ ಅವರ ತರಬೇತಿಯಲ್ಲಿ ಅದು 1950ರಿಂದ 1954ರವರೆಗೆ ಸತತ 5 ಸಲ ರೋವರ್ಸ್ ಕಪ್ ಗೆದ್ದಿತು. 1950ರಲ್ಲೇ ಕೋಲ್ಕತ್ತಾದ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಡುರಾಂಡ್ ಕಪ್ಪನ್ನೂ ತಂದಿತು. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಆಕ್ಷನ್ ಮುಗಿದು ಆಗಿನ್ನೂ ಎರಡು ವರ್ಷ. ಅಂಥ ಹೊತ್ತಿನಲ್ಲಿ ಲಾಠಿ ಹಿಡಿಯುವ ಇಲಾಖೆಯ ಹೆಸರಿಗೆ ಜನ ಜೈಕಾರ ಹಾಕುತ್ತಿದ್ದರು.

ಮೈದಾನಕ್ಕೆ ಬರುವ ಜನ ಮತ್ತು ಪೊಲೀಸರ ನಡುವೆ ಇಂಥ ನಂಟೂ ಇತ್ತು ಅನ್ನುವುದನ್ನು ಮೊದಲೇ ಹೇಳಬೇಕು. ಯಾಕೆಂದರೆ ಮುಂದಿನದು ಹೆಚ್ಚಾಗಿ ಬೇರೆ ಥರದ ಕಥೆ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜನ ಸತ್ತರು. ಹಿಂದಿನ ರಾತ್ರಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಿತ್ತು. ಕ್ರೀಡಾಂಗಣದಲ್ಲಿ ಹಿಡಿಯುವುದು ಸುಮಾರು 35,000 ಜನ, ಬಂದವರು ಲಕ್ಷಗಳ ಲೆಕ್ಕದಲ್ಲಿ. ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಕಡೆಯ ಚಹಾ ಅಂಗಡಿಗಳಲ್ಲಿ ಮರುದಿನ ನಾನು ಕೇಳಿದ್ದು ಒಂದೇ ಮಾತು: "ಅಷ್ಟು ಮಂದಿ ಅಲ್ಲಿಗಿ ಯಾಕ್ ಹೋಗಬೇಕಿತ್ತು?" ಸತ್ತವರ ಮನೆಯಲ್ಲಿ ಇನ್ನೂ ಅಳು ನಿಂತಿರಲಿಲ್ಲ. ಅಷ್ಟರಲ್ಲೇ ತಪ್ಪು ಅವರ ತಲೆಗೆ ಬಂದಿತ್ತು. ಈ ಮಾತಿಗೆ ಉದ್ದನೆಯ ಇತಿಹಾಸ ಇದೆ. ಅದರಲ್ಲಿ ಹೆಚ್ಚಿನ ಪುಟಗಳು ಫುಟ್‌ಬಾಲ್‌ನವು.

ಆ ಇತಿಹಾಸದ ನಡುಮಧ್ಯೆ ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನ ಇದೆ. 1989ರ ಏಪ್ರಿಲ್ 15, ಶನಿವಾರ. ಎಫ್‌ಎ ಕಪ್ ಸೆಮಿಫೈನಲ್, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ. ಲಿವರ್‌ಪೂಲ್ ಕಡೆಯವರಲ್ಲಿ ನಿಂತು ನೋಡುವ ಟಿಕೆಟ್ ಇದ್ದವರೇ 10,100 ಮಂದಿ. ಅವರು ಒಳಗೆ ಹೋಗಲು ಇದ್ದದ್ದು ಒಬ್ಬೊಬ್ಬರನ್ನೇ ಬಿಡುವ 7 ತಿರುಗುವ ಗೇಟು. ಆಟ ಶುರುವಾಗುವುದು 3 ಗಂಟೆಗೆ. ಎರಡೂವರೆಯ ಹೊತ್ತಿಗೆ ಹೊರಗೆ ಉಸಿರಾಡಲೂ ಜಾಗ ಇರಲಿಲ್ಲ. 2.52ಕ್ಕೆ ಪೊಲೀಸ್ ಉಸ್ತುವಾರಿ ಅಧಿಕಾರಿ ಡೇವಿಡ್ ಡಕನ್‌ಫೀಲ್ಡ್ ಅವರ ಆದೇಶದಂತೆ 'ಸಿ' ಅನ್ನುವ ದೊಡ್ಡ ಗೇಟು ತೆರೆಯಿತು. ಹೊರಗಿನ ಒತ್ತಡ ಇಳಿಸಲು ಅದು ಬೇಕಿತ್ತು ಅನ್ನಬಹುದು. ಆದರೆ ಗೇಟಿನ ಎದುರಿಗೇ ಒಂದು ಸುರಂಗದಾರಿ ಇತ್ತು. ಅದು ನೇರವಾಗಿ ನಡುವಿನ ಎರಡು ಅಂಕಣಗಳಿಗೆ, ಅಂದರೆ ಬೇಲಿ ಹಾಕಿ ಬೇರ್ಪಡಿಸಿದ ನಿಂತು ನೋಡುವ ಜಾಗಗಳಿಗೆ, ಒಯ್ಯುತ್ತಿತ್ತು. ಅವು ಆಗಲೇ ತುಂಬಿ ತುಳುಕುತ್ತಿದ್ದವು. ಪಕ್ಕದ ಅಂಕಣಗಳಲ್ಲಿ ಜಾಗ ಇತ್ತು. ಸುರಂಗದ ಬಾಯಿಗೆ ನಾಲ್ಕು ಪೊಲೀಸರನ್ನು ನಿಲ್ಲಿಸಿ "ಆ ಕಡೆ ಹೋಗಿ" ಅಂದಿದ್ದರೆ ಸಾಕಿತ್ತು. ಯಾರೂ ನಿಲ್ಲಿಸಲಿಲ್ಲ. ಒಳಗೆ ಹೋದ ಸುಮಾರು 2,000 ಜನರಲ್ಲಿ ಬಹುಪಾಲು ಮಂದಿ ಕಣ್ಣಿಗೆ ಕಂಡ ದಾರಿಯನ್ನೇ ಹಿಡಿದರು.

ಮುಂದೆ ಎತ್ತರದ ಕಬ್ಬಿಣದ ಬೇಲಿ. ಜನ ಮೈದಾನಕ್ಕೆ ನುಗ್ಗದಂತೆ ಹಾಕಿದ್ದು. ಹತ್ತಿ ಬರಲು ನೋಡಿದವರನ್ನು ಪೊಲೀಸರು ಮೊದಲಿಗೆ ಗಲಾಟೆ ಮಾಡುವವರು ಅಂದುಕೊಂಡರು. 3.06ಕ್ಕೆ ಆಟ ನಿಂತಿತು. ಕೊನೆಗೆ 97 ಜನರ ಜೀವ ಹೋಯಿತು. ತೊಂಬತ್ತೇಳನೆಯವರು ಆ ದಿನದ ಗಾಯದಿಂದಲೇ ನರಳಿ 2021ರಲ್ಲಿ ತೀರಿಕೊಂಡರು. ಸತ್ತವರಲ್ಲಿ ಕಿರಿಯ ಹುಡುಗನಿಗೆ 10 ವರ್ಷ.

ಇನ್ನು ಆ ಮಧ್ಯಾಹ್ನ ಹುಟ್ಟಿದ ಸುಳ್ಳಿನ ವಿಷಯ. ಅಭಿಮಾನಿಗಳೇ ಗೇಟು ಮುರಿದು ನುಗ್ಗಿದರು ಎಂದು ಡಕನ್‌ಫೀಲ್ಡ್ ಫುಟ್‌ಬಾಲ್ ಸಂಸ್ಥೆಯವರಿಗೆ ಹೇಳಿದರು. ಕೆಲವೇ ಹೊತ್ತಿನಲ್ಲಿ ಅದು ಸುದ್ದಿಯಾಗಿ ಜಗತ್ತಿಗೆಲ್ಲ ಹೋಯಿತು. ಸತ್ತವರ ರಕ್ತದಲ್ಲಿ ಮದ್ಯ ಇತ್ತೇ ಎಂದು ಪರೀಕ್ಷೆ ಮಾಡಿಸಿದರು, ಮಕ್ಕಳನ್ನೂ ಬಿಡದೆ. ಏಪ್ರಿಲ್ 19ರಂದು 'ದಿ ಸನ್' ಪತ್ರಿಕೆ ಮುಖಪುಟದ ತುಂಬ 'ಸತ್ಯ' ಅನ್ನುವ ಅರ್ಥದ ತಲೆಬರಹ ಹಾಕಿತು. ಅಭಿಮಾನಿಗಳು ಸತ್ತವರ ಜೇಬಿಗೆ ಕೈ ಹಾಕಿದರು, ಪೊಲೀಸರ ಮೇಲೆ ಮೂತ್ರ ಮಾಡಿದರು ಎಂದು ಬರೆಯಿತು. ಆ ಕಥೆ ಪೊಲೀಸ್ ಅಧಿಕಾರಿಗಳಿಂದ ಮತ್ತು ಒಬ್ಬ ಸ್ಥಳೀಯ ಸಂಸದರಿಂದ ಒಂದು ಸುದ್ದಿಸಂಸ್ಥೆಯ ಮೂಲಕ ಬಂದಿತ್ತು. ಪೊಲೀಸ್, ಪತ್ರಿಕೆ, ರಾಜಕೀಯ ಮೂರೂ ಒಂದೇ ಸಾಲಿನಲ್ಲಿ ನಿಂತಿದ್ದು ಹಾಗೆ.

ಓದುಗರು ಅದನ್ನು ಅಷ್ಟು ಸುಲಭವಾಗಿ ನಂಬಿದ್ದು ಯಾಕೆ? ನೆಲ ಮೊದಲೇ ಹದವಾಗಿತ್ತು. 1970ರ ದಶಕದಿಂದ ಇಂಗ್ಲೆಂಡಿನ ಮೈದಾನಗಳಲ್ಲಿ ಹೊಡೆದಾಟ ನಿಜವಾಗಿಯೂ ಇತ್ತು. ಅದನ್ನು ಮುಚ್ಚಿಡಬೇಕಿಲ್ಲ. 1985ರ ಮೇ 29ರಂದು ಬ್ರಸೆಲ್ಸ್‌ನ ಹೇಸೆಲ್ ಮೈದಾನದಲ್ಲಿ ಲಿವರ್‌ಪೂಲ್ ಅಭಿಮಾನಿಗಳ ಗುಂಪು ನುಗ್ಗಿದಾಗ ಗೋಡೆ ಕುಸಿದು 39 ಜನ ಸತ್ತರು. ಹೆಚ್ಚಿನವರು ಇಟಲಿಯ ಯುವೆಂಟಸ್ ತಂಡದ ಅಭಿಮಾನಿಗಳು. ಇಂಗ್ಲಿಷ್ ಕ್ಲಬ್‌ಗಳು ಯುರೋಪಿನ ಟೂರ್ನಿಗಳಿಂದ ವರ್ಷಗಟ್ಟಲೆ ಹೊರಗೆ ಉಳಿಯಬೇಕಾಯಿತು. ಮಾರ್ಗರೆಟ್ ಥ್ಯಾಚರ್ ಸರ್ಕಾರ ಪ್ರತಿ ಅಭಿಮಾನಿಗೂ ಗುರುತಿನ ಚೀಟಿ ಕಡ್ಡಾಯ ಮಾಡಲು ಹೊರಟಿತು. ಆದರೆ ಅದೇ 1985ರ ಮೇ 11ರಂದು ಬ್ರಾಡ್‌ಫರ್ಡ್‌ನಲ್ಲಿ ಮರದ ಹಳೇ ಸ್ಟ್ಯಾಂಡಿಗೆ ಬೆಂಕಿ ಬಿದ್ದು 56 ಜನ ಸತ್ತಿದ್ದರು. ಅಲ್ಲಿ ಯಾರೂ ಹೊಡೆದಾಡಿರಲಿಲ್ಲ. ಮೈದಾನಗಳು ಎಷ್ಟು ಅಪಾಯಕಾರಿ ಅನ್ನುವುದನ್ನು ಆ ಬೆಂಕಿ ತೋರಿಸಿತ್ತು. ಆದರೂ ರಾಜಕಾರಣಿಗಳ ಗಮನ ಬೇಲಿ ಎತ್ತರಿಸುವುದರ ಮೇಲೇ ಇತ್ತು. ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು ಇದೇ. ಕೆಲವರು ಮಾಡಿದ ತಪ್ಪಿಗೆ ಇಡೀ ಸಮುದಾಯವನ್ನು ಶಂಕಿತರ ಪಟ್ಟಿಗೆ ಸೇರಿಸಿದರು. ಆಮೇಲೆ ಆ ಶಂಕೆಯೇ ಕಬ್ಬಿಣದ ಬೇಲಿಯಾಗಿ ನಿಂತು 97 ಜನರನ್ನು ತಡೆಯಿತು.

ನ್ಯಾಯಮೂರ್ತಿ ಟೇಲರ್ ಅವರ ಮಧ್ಯಂತರ ವರದಿ ಬಂದಿದ್ದು ಅದೇ 1989ರ ಆಗಸ್ಟ್‌ನಲ್ಲಿ. ಪೊಲೀಸ್ ನಿಯಂತ್ರಣದ ವೈಫಲ್ಯವೇ ಮುಖ್ಯ ಕಾರಣ ಎಂದು ಅದು ಸ್ಪಷ್ಟವಾಗಿ ಹೇಳಿತು. ಅಂದರೆ ನಾಲ್ಕೇ ತಿಂಗಳಲ್ಲಿ ಸತ್ಯ ಕಾಗದದ ಮೇಲೆ ಇತ್ತು. ಆದರೂ 1991ರಲ್ಲಿ ಮರಣ ವಿಚಾರಣೆ ಇದು ಆಕಸ್ಮಿಕ ಸಾವು ಎಂದು ತೀರ್ಮಾನ ಕೊಟ್ಟಿತು. ಜನರ ಬಾಯಲ್ಲಿ ಪತ್ರಿಕೆಯ ಕಥೆಯೇ ಉಳಿಯಿತು. ಸತ್ತವರ ತಾಯಂದಿರು, ತಂದೆಯರು, ಅಣ್ಣತಮ್ಮಂದಿರು ಬಿಡಲಿಲ್ಲ. ಲಿವರ್‌ಪೂಲ್ ಊರಿಗೆ ಊರೇ ಆ ಪತ್ರಿಕೆಯನ್ನು ದೂರ ಇಟ್ಟಿತು. ಅನೇಕ ಅಂಗಡಿಗಳಲ್ಲಿ ಅದನ್ನು ಇವತ್ತಿಗೂ ಮಾರುವುದಿಲ್ಲ.

2012ರ ಸೆಪ್ಟೆಂಬರ್‌ನಲ್ಲಿ ಸ್ವತಂತ್ರ ಸಮಿತಿಯೊಂದು ಲಕ್ಷಾಂತರ ಪುಟಗಳ ದಾಖಲೆ ತೆರೆದಿಟ್ಟಿತು. ಪೊಲೀಸರ 164 ಹೇಳಿಕೆಗಳನ್ನು ತಿದ್ದಲಾಗಿತ್ತು. ಅದರಲ್ಲಿ 116 ಹೇಳಿಕೆಗಳಿಂದ ಪೊಲೀಸರಿಗೆ ಮುಜುಗರ ತರುವ ಸಾಲುಗಳನ್ನು ಕಿತ್ತು ಹಾಕಿದ್ದರು. ಪ್ರಧಾನಿ ಡೇವಿಡ್ ಕ್ಯಾಮರನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 2015ರಲ್ಲಿ ಹೊಸ ವಿಚಾರಣೆಯ ಮುಂದೆ ಡಕನ್‌ಫೀಲ್ಡ್ ಗೇಟಿನ ಬಗ್ಗೆ ತಾವು ಸುಳ್ಳು ಹೇಳಿದ್ದಾಗಿ ಒಪ್ಪಿಕೊಂಡರು. 2016ರ ಏಪ್ರಿಲ್ 26ರಂದು ಜ್ಯೂರಿ ಇವು ಕಾನೂನುಬಾಹಿರ ಹತ್ಯೆಗಳು ಎಂದಿತು. ಅಭಿಮಾನಿಗಳ ತಪ್ಪು ಏನೂ ಇಲ್ಲ ಎಂದೂ ಹೇಳಿತು. 27 ವರ್ಷ ಹಿಡಿಯಿತು. 2019ರಲ್ಲಿ ಡಕನ್‌ಫೀಲ್ಡ್ ಕ್ರಿಮಿನಲ್ ಮೊಕದ್ದಮೆಯಿಂದ ಖುಲಾಸೆಯಾದರು.

ಮಾಧ್ಯಮದ ಕಥೆಗೆ ಇನ್ನೊಂದು ಮಗ್ಗುಲಿದೆ. ದುರಂತದ ನಂತರ ಮೈದಾನಗಳು ಪೂರ್ತಿ ಕುರ್ಚಿಯ ಮೈದಾನಗಳಾದವು, ಸುರಕ್ಷಿತವಾದವು, ಟಿಕೆಟ್ ದರವೂ ಏರುತ್ತಾ ಹೋಯಿತು. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾದಾಗ ನೇರಪ್ರಸಾರದ ಹಕ್ಕನ್ನು ಕೊಂಡದ್ದು ಸ್ಕೈ ಟಿವಿ. ಅದರ ಹಿಂದೆ ಇದ್ದವರು ರೂಪರ್ಟ್ ಮರ್ಡಾಕ್. 'ದಿ ಸನ್' ಪತ್ರಿಕೆಯ ಒಡೆಯರೂ ಅವರೇ. ಮೂರು ವರ್ಷದ ಹಿಂದೆ ಅಭಿಮಾನಿಗಳನ್ನು ಪಶುಗಳಂತೆ ಚಿತ್ರಿಸಿದ ಮನೆತನ ಈಗ ಅದೇ ಅಭಿಮಾನಿಗಳ ಹಾಡು, ಕೂಗು, ಕಣ್ಣೀರನ್ನು ಮನೆಮನೆಗೆ ಮಾರತೊಡಗಿತು. ಇವತ್ತು ಬೀದರಿನ ಹುಡುಗ ರಾತ್ರಿ ಒಂದು ಗಂಟೆಗೆ ಮೊಬೈಲಿನಲ್ಲಿ ಲಿವರ್‌ಪೂಲ್ ಆಟ ನೋಡುವಾಗ ಹಿನ್ನೆಲೆಯಲ್ಲಿ ಕೇಳುವ ಆ ಗದ್ದಲಕ್ಕೆ ಇಷ್ಟು ದೊಡ್ಡ ಬೆಲೆ ತೆತ್ತಿದ್ದಾರೆ.

ಹಳೇ ಸುಳ್ಳು ಎಷ್ಟು ದೂರ ಬರುತ್ತದೆ ಅನ್ನುವುದು 2022ರ ಮೇ 28ರಂದು ಪ್ಯಾರಿಸ್‌ನಲ್ಲಿ ಕಂಡಿತು. ಲಿವರ್‌ಪೂಲ್ ಮತ್ತು ರಿಯಲ್ ಮ್ಯಾಡ್ರಿಡ್ ನಡುವಿನ ಚಾಂಪಿಯನ್ಸ್ ಲೀಗ್ ಫೈನಲ್. ಗೇಟುಗಳ ಬಳಿ ಗಂಟೆಗಟ್ಟಲೆ ಜನ ಸಿಕ್ಕಿಹಾಕಿಕೊಂಡರು. ಪೊಲೀಸರು ಅಶ್ರುವಾಯು ಬಿಟ್ಟರು. ಒಳಗಿನ ಪರದೆಯ ಮೇಲೆ ಮಾತ್ರ ಅಭಿಮಾನಿಗಳು ತಡವಾಗಿ ಬಂದದ್ದಕ್ಕೆ ಆಟ ತಡ ಎಂಬ ಸಂದೇಶ ಬಂತು. ಫ್ರಾನ್ಸಿನ ಒಳಾಡಳಿತ ಸಚಿವ ಜೆರಾಲ್ಡ್ ದರ್ಮನಾ ಅವರು 30,000ದಿಂದ 40,000 ಜನ ನಕಲಿ ಟಿಕೆಟ್ ಹಿಡಿದೋ ಟಿಕೆಟ್ ಇಲ್ಲದೆಯೋ ಬಂದಿದ್ದರು ಎಂದರು. ಗೇಟಿನ ಯಂತ್ರಗಳಲ್ಲಿ ಸಿಕ್ಕ ನಕಲಿ ಟಿಕೆಟ್ 2,589. ಈ ಸಲ ಅಭಿಮಾನಿಗಳ ಕೈಯಲ್ಲಿ ಫೋನ್ ಇತ್ತು. ವಿಡಿಯೊಗಳು ಅವತ್ತು ರಾತ್ರಿಯೇ ಹೊರಬಂದವು. 2023ರ ಫೆಬ್ರವರಿಯಲ್ಲಿ ಬಂದ ಸ್ವತಂತ್ರ ವರದಿ ಮುಖ್ಯ ಹೊಣೆಯನ್ನು ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಮೇಲೆ ಹೊರಿಸಿತು. ಹಿಲ್ಸ್‌ಬರೋ ಬಗೆಗಿನ ತಪ್ಪು ತಿಳಿವಳಿಕೆ ಪ್ಯಾರಿಸ್ ಪೊಲೀಸರ ತಯಾರಿಯನ್ನೂ ಕೆಡಿಸಿತ್ತು ಎಂದು ಆ ವರದಿ ಹೇಳಿತು. 33 ವರ್ಷದ ಹಿಂದಿನ ಒಂದು ಮಧ್ಯಾಹ್ನದ ಸುಳ್ಳು ಆಗಲೂ ಕೆಲಸ ಮಾಡುತ್ತಿತ್ತು.

ಬೇರೆ ಕಡೆ ಇದಕ್ಕಿಂತ ಭೀಕರ. 2022ರ ಅಕ್ಟೋಬರ್ 1ರಂದು ಇಂಡೊನೇಷ್ಯಾದ ಕಂಜುರುಹಾನ್ ಮೈದಾನದಲ್ಲಿ ಪೊಲೀಸರು ಜನ ಕೂತ ಕಡೆಗೇ ಅಶ್ರುವಾಯು ಹಾರಿಸಿದರು. ಇಕ್ಕಟ್ಟಿನ ಬಾಗಿಲುಗಳ ಕಡೆ ಓಡಿದವರಲ್ಲಿ 135 ಜನ ಸತ್ತರು. ಫಿಫಾ ನಿಯಮದಲ್ಲಿ ಮೈದಾನದೊಳಗೆ ಅಶ್ರುವಾಯುವಿಗೆ ಅವಕಾಶವೇ ಇಲ್ಲ. ಈಜಿಪ್ಟ್‌ನಲ್ಲಿ ಅಲ್ ಅಹ್ಲಿ ತಂಡದ ಅಭಿಮಾನಿಗಳು 2011ರಲ್ಲಿ ತಹ್ರೀರ್ ಚೌಕದಲ್ಲಿ ಪೊಲೀಸರಿಗೆ ಎದುರಾಗಿ ನಿಂತರು. ಮರುವರ್ಷ ಫೆಬ್ರವರಿ 1ರಂದು ಪೋರ್ಟ್ ಸೈದ್ ಮೈದಾನದಲ್ಲಿ ಅವರ ಮೇಲೆ ದಾಳಿ ನಡೆದು 74 ಜನ ಸತ್ತರು. ಪೊಲೀಸರು ತಡೆಯಲು ಮುಂದಾಗಲಿಲ್ಲ. ಟರ್ಕಿಯಲ್ಲಿ 2013ರ ಗೆಜಿ ಪಾರ್ಕ್ ಪ್ರತಿಭಟನೆಗೆ ಇಳಿದ ಬೆಶಿಕ್ತಾಶ್ ಕ್ಲಬ್ಬಿನ ಅಭಿಮಾನಿಗಳ ಮೇಲೆ ಸರ್ಕಾರ ಉರುಳಿಸುವ ಯತ್ನದ ಆರೋಪವನ್ನೇ ಹೊರಿಸಿದರು.

ನಮ್ಮ ದೇಶದಲ್ಲಿ ಈ ಕಥೆಯ ಊರು ಕೋಲ್ಕತ್ತಾ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಅಭಿಮಾನಿಗಳು ಒಂದೇ ಸ್ಟ್ಯಾಂಡಿನಲ್ಲಿ ಬೆರೆತು ಕೂತಿದ್ದರು. ಮೈದಾನದಲ್ಲಿ ಒಂದು ಜಗಳ, ಮೇಲೆ ಹೊಡೆದಾಟ, ಆಮೇಲೆ ನೂಕುನುಗ್ಗಲು. 16 ಜನ ಸತ್ತರು. ಆ ದಿನವನ್ನು ಅಲ್ಲಿ ಈಗಲೂ ಫುಟ್‌ಬಾಲ್ ಪ್ರೇಮಿಗಳ ದಿನವಾಗಿ, ರಕ್ತದಾನ ಮಾಡಿ ನೆನೆಯುತ್ತಾರೆ.

ಈಸ್ಟ್ ಬೆಂಗಾಲ್ ಅಭಿಮಾನಿಗಳಲ್ಲಿ ಬಹಳ ಮಂದಿ ದೇಶ ವಿಭಜನೆಯಲ್ಲಿ ಮನೆ ಕಳೆದುಕೊಂಡು ಬಂದವರ ಮಕ್ಕಳು, ಮೊಮ್ಮಕ್ಕಳು. 2020ರ ಜನವರಿಯ ಪಂದ್ಯದಲ್ಲಿ ಅವರು ಪೌರರ ರಾಷ್ಟ್ರೀಯ ನೋಂದಣಿ (ಎನ್‌ಆರ್‌ಸಿ) ವಿರುದ್ಧ ದೊಡ್ಡ ಬ್ಯಾನರ್ ಬಿಚ್ಚಿದರು. ಈ ನೆಲ ರಕ್ತ ಕೊಟ್ಟು ಪಡೆದದ್ದು, ಕಾಗದ ಕೊಟ್ಟಲ್ಲ ಅನ್ನುವುದು ಅದರ ಸಾರ. "ಆಟದಲ್ಲಿ ರಾಜಕೀಯ ತರಬೇಡಿ" ಅನ್ನುವವರು ಇದನ್ನು ಯೋಚಿಸಬೇಕು. ಅವರು ರಾಜಕೀಯವನ್ನು ಹೊರಗಿನಿಂದ ತರಲಿಲ್ಲ. ಅದು ಅವರ ಮನೆಯ ಕಥೆಯಾಗಿತ್ತು.

2024ರ ಆಗಸ್ಟ್‌ನಲ್ಲಿ ಆರ್‌ಜಿ ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಅತ್ಯಾಚಾರ ಮತ್ತು ಕೊಲೆ ನಡೆದಾಗ ಈ ಎರಡು ಬದ್ಧ ವೈರಿ ತಂಡಗಳ ಪಂದ್ಯ ಆಗಸ್ಟ್ 18ಕ್ಕೆ ಇತ್ತು. ಭದ್ರತೆ ಕಷ್ಟ ಅನ್ನುವ ಕಾರಣಕ್ಕೆ ರದ್ದಾಯಿತು. ಅವತ್ತು ಸಂಜೆ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಮತ್ತು ಮೊಹಮ್ಮದನ್ ಅಭಿಮಾನಿಗಳು ಸಾಲ್ಟ್ ಲೇಕ್ ಮೈದಾನದ ಹೊರಗೆ ಒಟ್ಟಿಗೆ ನಿಂತು ನ್ಯಾಯ ಕೇಳಿದರು. ಪೊಲೀಸರು ಲಾಠಿ ಬೀಸಿದರು, ಹಲವರನ್ನು ಎಳೆದೊಯ್ದರು. ಪಂದ್ಯ ಕಾಯಲು ಸಾಲದ ಪೊಲೀಸರು ಪ್ರತಿಭಟನೆ ತಡೆಯಲು ಎಲ್ಲಿಂದ ಬಂದರು ಅನ್ನುವುದು ಅವತ್ತಿನ ಪ್ರಶ್ನೆ. ನ್ಯಾಯವಾದ ಪ್ರಶ್ನೆ ಅಲ್ವಾ?

ನಮ್ಮ ಸೀಮೆಗೆ ಬರೋಣ. ಇಲ್ಲಿ ಫುಟ್‌ಬಾಲ್ ಗುಂಪು ಚಿಕ್ಕದು. ಹತ್ತಿರದ ದೊಡ್ಡ ತಂಡ ಹೈದರಾಬಾದ್ ಎಫ್‌ಸಿ 2022ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದಿತ್ತು. 2025ರಲ್ಲಿ ಅದು ದಿಲ್ಲಿಗೆ ಹೋಗಿ ಬೇರೆ ಹೆಸರಿನ ತಂಡವಾಯಿತು. ತಡೆಯಲು ಅಭಿಮಾನಿಗಳ ಕೈಯಲ್ಲಿ ಯಾವ ದಾರಿಯೂ ಇರಲಿಲ್ಲ. ಆದರೆ ಜನಜಂಗುಳಿ ನಮಗೆ ಹೊಸದಲ್ಲ. ಹೋಳಿ ಹುಣ್ಣಿಮೆ ಆದ ಮೇಲೆ ಕಲಬುರಗಿಯಲ್ಲಿ ಶರಣಬಸವೇಶ್ವರರ ರಥೋತ್ಸವಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಬಂದೇನವಾಜ್ ಉರುಸಿಗೂ ಹಾಗೆಯೇ. ಅಲ್ಲಿಗೆ ಬಂದವರನ್ನು ನಾವು ಭಕ್ತರು ಅನ್ನುತ್ತೇವೆ. ನೀರು ಕೊಡುತ್ತೇವೆ, ಊಟ ಹಾಕುತ್ತೇವೆ, ದಾರಿ ತೋರಿಸುತ್ತೇವೆ. "ಇಷ್ಟು ಮಂದಿ ಯಾಕ್ ಬಂದಿರಿ" ಅನ್ನುವುದಿಲ್ಲ. ಅದೇ ಮನೆಯ ಹುಡುಗ ಜೆರ್ಸಿ ಹಾಕಿಕೊಂಡು ಹೊರಟರೆ ಮಾತ್ರ ನಮ್ಮ ದೃಷ್ಟಿ ಬದಲಾಗುತ್ತದೆ.

ಚಿನ್ನಸ್ವಾಮಿ ಸಾವುಗಳ ನಂತರ ಪೊಲೀಸ್ ಆಯುಕ್ತರನ್ನು ಅಮಾನತು ಮಾಡಿದರು, ನ್ಯಾಯಮೂರ್ತಿ ಮೈಕೆಲ್ ಡಿಕುನ್ಹಾ ಅವರ ಆಯೋಗ ನೇಮಿಸಿದರು. ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣಕ್ಕೆ ಮಸೂದೆಯನ್ನೂ ಸಿದ್ಧಮಾಡಿತು. ಜೂನ್‌ನಲ್ಲಿ ಹೊರಬಿದ್ದ ಅದರ ಕರಡಿನಲ್ಲಿ ಜಾತ್ರೆ, ರಥೋತ್ಸವ, ಪಲ್ಲಕ್ಕಿ, ಉರುಸುಗಳನ್ನು ಹೊರಗಿಟ್ಟಿದ್ದರು. ಮಸೂದೆಯ ಗಮನ ಇರುವುದು ಅನುಮತಿ, ಆಯೋಜಕರ ಹೊಣೆ ಮತ್ತು ಶಿಕ್ಷೆಯ ಮೇಲೆ.

ಬ್ರಿಟನ್‌ನಲ್ಲೂ 2025ರ ಸೆಪ್ಟೆಂಬರ್‌ನಲ್ಲಿ ಒಂದು ಮಸೂದೆ ಸಂಸತ್ತಿಗೆ ಬಂತು. ಜನ ಅದನ್ನು ಹಿಲ್ಸ್‌ಬರೋ ಕಾನೂನು ಎನ್ನುತ್ತಾರೆ. ಸತ್ತವರ ಮನೆಯವರೇ ವರ್ಷಗಟ್ಟಲೆ ಪಟ್ಟು ಹಿಡಿದು ತರಿಸಿದ್ದು. ದುರಂತದ ತನಿಖೆಯಲ್ಲಿ ಪೊಲೀಸರು, ಸರ್ಕಾರಿ ಅಧಿಕಾರಿಗಳು ಸತ್ಯವನ್ನೇ ಹೇಳಬೇಕು, ಮುಚ್ಚಿಟ್ಟರೆ ಶಿಕ್ಷೆ ಅನ್ನುವುದು ಅದರ ತಿರುಳು. ಬೆಂಗಳೂರಿನ 11 ಮನೆಗಳಿಗೂ ಅದೇ ಬೇಕು. ಯಾವ ಗೇಟು ಎಷ್ಟು ಹೊತ್ತಿಗೆ ತೆರೆಯಿತು, ಯಾರ ಆದೇಶದ ಮೇಲೆ, ಒಳಗೆ ಜಾಗ ಎಷ್ಟಿತ್ತು, ಜನರಿಗೆ ಹೇಳಿದವರು ಯಾರು ಅನ್ನುವ ಉತ್ತರ. ಅದು ಸಿಗಲು ಅವರು 27 ವರ್ಷ ಕಾಯುವಂತಾಗಬಾರದು.