ಸ್ಟ್ರೇಟನಿಂಗ್ ಬಿಟ್ಟ ಮೇಲೆ ಕೂದಲು ಒಣಗಿ ಒರಟಾಗಿದೆ, ಪೂರ್ತಿ ಕತ್ತರಿಸಲೇಬೇಕೆ?

ಪ್ರಶ್ನೆ: ನನ್ನದು ಹುಟ್ಟಿನಿಂದ ಗುಂಗುರು ಕೂದಲು. ಕಾಲೇಜಿಗೆ ಸೇರಿದಾಗಿನಿಂದ ವರ್ಷಕ್ಕೊಮ್ಮೆ ಪಾರ್ಲರ್‌ನಲ್ಲಿ ಸ್ಟ್ರೇಟನಿಂಗ್ ಮಾಡಿಸುತ್ತಿದ್ದೆ, ಈಗ ನಿಲ್ಲಿಸಿದ್ದೇನೆ. ಬುಡದಲ್ಲಿ ನಾಲ್ಕು ಬೆರಳಿನಷ್ಟು ಗುಂಗುರು ಬಂದಿದೆ. ಅದರ ಕೆಳಗಿನದೆಲ್ಲ ನೆಟ್ಟಗೆ, ಕಡ್ಡಿಯ ಹಾಗೆ ಒಣಗಿದೆ. ಹಣಿಗೆ ಹಾಕಿದರೆ ನಡುವೆಯೇ ತುಂಡಾಗುತ್ತದೆ. ಎಷ್ಟು ಎಣ್ಣೆ ಹಚ್ಚಿದರೂ ಮೆತ್ತಗಾಗುತ್ತಿಲ್ಲ. ಪೂರ್ತಿ ಕತ್ತರಿಸದೆ ಬೇರೆ ದಾರಿ ಇದೆಯೆ?
ಓದುಗರೊಬ್ಬರು, ಕಲಬುರಗಿ

ಉತ್ತರ: ದಾರಿ ಇದೆ. ಆದರೆ ನೆಟ್ಟಗಾದ ಭಾಗ ಮತ್ತೆ ಗುಂಗುರಾಗಲಾರದು, ಯಾವ ಎಣ್ಣೆಯೂ ಯಾವ ಕ್ರೀಮೂ ಅದನ್ನು ಹಿಂದಿನ ಸ್ಥಿತಿಗೆ ತರಲಾರದು, ಒಂದಲ್ಲ ಒಂದು ದಿನ ಅದು ಕತ್ತರಿಗೆ ಹೋಗಲೇಬೇಕು. ಯಾವಾಗ, ಎಷ್ಟೆಷ್ಟು ಎಂಬುದು ಮಾತ್ರ ನಿಮ್ಮ ಕೈಯಲ್ಲಿದೆ. ಅಲ್ಲಿಯವರೆಗೆ ಹಳೆಯದು ತಾನಾಗಿ ಮುರಿಯದಂತೆಯೂ ಹೊಸದು ಕೆಡದಂತೆಯೂ ನೋಡಿಕೊಳ್ಳುವುದೇ ನಿಮ್ಮ ಕೆಲಸ.

ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಆಕಾರವನ್ನು ಗಟ್ಟಿಯಾಗಿ ಹಿಡಿದಿಡುವುದು ಅದರೊಳಗಿನ ಗಂಧಕದ ಬಂಧಗಳು. ಪಾರ್ಲರ್‌ಗಳಲ್ಲಿ ಮಾಡುವ ಸ್ಟ್ರೇಟನಿಂಗ್‌ನ ಒಂದು ಬಗೆಯಾದ ರಿಬಾಂಡಿಂಗ್‌ನಲ್ಲಿ ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕ ಇರುವ ಕ್ರೀಮಿನಿಂದ ಈ ಬಂಧಗಳನ್ನು ಬಿಡಿಸಿ, ಬಿಸಿ ಇಸ್ತ್ರಿಯಿಂದ ಕೂದಲನ್ನು ನೆಟ್ಟಗೆ ಮಾಡಿ, ಹೈಡ್ರೋಜನ್ ಪೆರಾಕ್ಸೈಡ್ ಇರುವ ನ್ಯೂಟ್ರಲೈಜರ್‌ನಿಂದ ಅದೇ ಸ್ಥಿತಿಯಲ್ಲಿ ಬಂಧಗಳನ್ನು ಮತ್ತೆ ಕಟ್ಟುತ್ತಾರೆ. ಆಫ್ರಿಕಾ ಮೂಲದ ಮಹಿಳೆಯರಲ್ಲಿ ಹೆಚ್ಚು ಬಳಕೆಯಲ್ಲಿರುವ, ಗುಂಗುರನ್ನು ನೆಟ್ಟಗೆ ಮಾಡುವ ರಿಲ್ಯಾಕ್ಸರ್ ಎಂಬ ಕ್ರೀಮಿನಲ್ಲಿ ಸೋಡಿಯಂ ಹೈಡ್ರಾಕ್ಸೈಡಿನಂಥ ಪ್ರಬಲ ಕ್ಷಾರವಿರುತ್ತದೆ. ಎರಡರ ಪರಿಣಾಮವೂ ಶಾಶ್ವತ. ಇದರ ಜೊತೆಗೆ, ಕೂದಲಿನ ಹೊರಪದರಕ್ಕೆ ನುಣುಪು ಕೊಡುವ ತೆಳುವಾದ ಸ್ನಿಗ್ಧಾಂಶವೂ ಹೊರಟುಹೋಗುತ್ತದೆ. ಹಾಗಾಗಿ ಎಳೆ ಎಳೆಗೆ ಉಜ್ಜಿ ಸಿಕ್ಕಾಗುತ್ತದೆ, ನೀರನ್ನು ಬೇಗ ಹೀರಿ ಅಷ್ಟೇ ಬೇಗ ಬಿಡುತ್ತದೆ. ನೀವು ಒರಟು ಎನ್ನುತ್ತಿರುವುದು ಇದನ್ನೇ. ಹೊಸ ಗುಂಗುರು ಕೂದಲು ಒಣಗುವ ಕಾರಣ ಬೇರೆ: ನೆತ್ತಿಯಲ್ಲಿ ಒಸರುವ ಜಿಡ್ಡು ಸುರುಳಿಯುದ್ದಕ್ಕೂ ಸುಲಭವಾಗಿ ಕೆಳಗಿಳಿಯುವುದಿಲ್ಲ.

ಈ ಎರಡು ಬಗೆಯ ಕೂದಲು ಸೇರುವ ಸಂದೇ ಅತ್ಯಂತ ದುರ್ಬಲ ಜಾಗ. ಹಣಿಗೆಯ ಎಳೆತವೆಲ್ಲ ಅಲ್ಲಿಗೇ ಬಂದು ನಿಲ್ಲುವುದರಿಂದ ಅಲ್ಲೇ ತುಂಡಾಗುತ್ತದೆ. ಆದ್ದರಿಂದ ಒಣ ಕೂದಲಿಗೆ ಹಣಿಗೆ ಹಾಕುವುದನ್ನು ಇಂದೇ ನಿಲ್ಲಿಸಿ. ತಲೆ ಎರೆದುಕೊಂಡಾಗ ಕಂಡೀಷನರ್ ಹಚ್ಚಿ, ಸಿಕ್ಕನ್ನು ಮೊದಲು ಬೆರಳಿನಿಂದಲೇ ಬಿಡಿಸಿ, ಆಮೇಲೆ ಅಗಲ ಹಲ್ಲಿನ ಹಣಿಗೆಯನ್ನು ತುದಿಯಿಂದ ಶುರುಮಾಡಿ ಸ್ವಲ್ಪಸ್ವಲ್ಪವೇ ಮೇಲಕ್ಕೆ ತನ್ನಿ. ಇನ್ನೊಂದು ಕೈಯಿಂದ ಸಂದಿನ ಕೆಳಭಾಗವನ್ನು ಹಿಡಿದುಕೊಂಡರೆ ಎಳೆತ ಅಲ್ಲಿಗೆ ತಾಕುವುದಿಲ್ಲ. ತೇವದಲ್ಲಿ ಕೂದಲು ಸಡಿಲವಾಗಿರುವುದರಿಂದ ಆಗಲೂ ಅವಸರ ಬೇಡ.

ಕಲಬುರಗಿಯಲ್ಲಿ ಕೂದಲಿನ ಮಾತು ಬಂದಾಗ ನಾನು ಮೊದಲು ಕೇಳುವುದು ನೀರನ್ನು. ನಮ್ಮಲ್ಲಿ ಎಷ್ಟೋ ಮನೆಗಳು ಬೋರಿನ ಸವಳು ನೀರನ್ನೇ ನೆಚ್ಚಿಕೊಂಡಿವೆ. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತಿದ್ದರೆ, ಸಾಬೂನು ನೊರೆ ಬರದಿದ್ದರೆ, ಆ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿವೆ ಎಂದೇ ಅರ್ಥ. ರಾಸಾಯನಿಕಕ್ಕೆ ಒಳಗಾದ ಕೂದಲು ಆರೋಗ್ಯವಂತ ಕೂದಲಿಗಿಂತ ಹೆಚ್ಚಾಗಿ ಈ ಲವಣಗಳನ್ನು ಹಿಡಿದುಕೊಳ್ಳುತ್ತದೆ. ಆ ಪದರದ ಮೇಲೆ ಎಣ್ಣೆ ಸುರಿದರೆ ಕೂದಲು ಜಿಡ್ಡಾಗುತ್ತದೆಯೇ ಹೊರತು ಮೆತ್ತಗಾಗುವುದಿಲ್ಲ. ನೀವು ಎಣ್ಣೆಯನ್ನು ದೂರುವ ಮೊದಲು ನೀರನ್ನು ನೋಡಿ. ಭೀಮಾ ಅಥವಾ ಬೆಣ್ಣೆತೊರೆಯಿಂದ ಬರುವ ನಳದ ನೀರು ಸಿಗುವ ದಿನ ತಲೆ ಎರೆದುಕೊಳ್ಳಿ. ಅದೂ ಆಗದಿದ್ದರೆ ಕೊನೆಯ ಒಂದೆರಡು ಚೊಂಬನ್ನಾದರೂ ಫಿಲ್ಟರ್ ನೀರಿನಿಂದ ಹಾಕಿಕೊಳ್ಳಿ. ಮಳೆಗಾಲದಲ್ಲಿ ಹಿಡಿದಿಟ್ಟ ಮಳೆನೀರು ಇದಕ್ಕೆ ಬಹಳ ಒಳ್ಳೆಯದು. ತಿಂಗಳಿಗೊಮ್ಮೆ, ಬಾಟಲಿಯ ಮೇಲಿನ ಘಟಕಾಂಶಗಳ ಪಟ್ಟಿಯಲ್ಲಿ ಇಡಿಟಿಎ (EDTA) ಎಂದು ಬರೆದಿರುವ, ಲವಣ ತೆಗೆಯುವ ಶಾಂಪೂ ಬಳಸಿ. ಮೈಸಾಬೂನನ್ನು ತಲೆಗೆ ಎಂದೂ ಹಚ್ಚಬೇಡಿ, ಸವಳು ನೀರಿನಲ್ಲಿ ಅದು ಕರಗದ ಗಸಿಯಾಗಿ ಕೂದಲಿಗೇ ಮೆತ್ತಿಕೊಳ್ಳುತ್ತದೆ.

ಸೀಗೆಕಾಯಿ ಒಳ್ಳೆಯದೇ. ಆದರೆ ಪುಡಿಯನ್ನು ನೇರವಾಗಿ ತಿಕ್ಕಿದರೆ ಅದರ ಕಣಗಳು ಮೊದಲೇ ಸವೆದ ಎಳೆಗಳನ್ನು ಇನ್ನಷ್ಟು ಉಜ್ಜುತ್ತವೆ. ಕಾಯಿಯನ್ನು ನೆನೆಸಿ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿದ ನೀರನ್ನಷ್ಟೇ ಬಳಸಿ. ಕೂದಲು ಒಣಗುತ್ತದೆಂದು ವಾರಗಟ್ಟಲೆ ತಲೆ ತೊಳೆಯದಿರುವುದು ತಂಪು ಊರಿಗೆ ಸರಿಯಾದೀತು, ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿಗಲ್ಲ. ಬೆವರು ತುಂಬಿದ ನೆತ್ತಿಯನ್ನು ವಾರಕ್ಕೆ ಎರಡು ಸಲ ತೊಳೆಯಿರಿ. ಶಾಂಪೂ ನೆತ್ತಿಗೆ, ಕಂಡೀಷನರ್ ತುದಿಗೆ. ತುದಿಗೆ ಹರಿದುಹೋಗುವ ನೊರೆಯೇ ಸಾಕು.

ಎಣ್ಣೆಯಲ್ಲಿ ನೀರಿಲ್ಲ. ಅದು ಒಣ ಕೂದಲಿಗೆ ತೇವ ತಂದುಕೊಡುವುದಿಲ್ಲ, ಇರುವ ತೇವವನ್ನು ಉಳಿಸುತ್ತದೆ, ಅಷ್ಟೆ. ಕೊಬ್ಬರಿ ಎಣ್ಣೆಯ ಗುಣ ಇನ್ನೂ ಒಂದಿದೆ: ಅದರಲ್ಲಿರುವ ಲಾರಿಕ್ ಆಮ್ಲ ಎಳೆಯ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಸೋರಿಹೋಗುವುದನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ತಲೆ ಎರೆದುಕೊಳ್ಳುವ ಹಿಂದಿನ ರಾತ್ರಿ ಅದನ್ನು ಸಂದಿನಿಂದ ತುದಿಯವರೆಗೆ ಹಚ್ಚಿ. ತೊಳೆದ ಮೇಲೆ, ಕೂದಲು ಇನ್ನೂ ತೇವವಿರುವಾಗಲೇ, ಅಂಗೈಗೆ ಎರಡು ಮೂರು ಹನಿ ಹಾಕಿ ಸವರಿ. ಹರಳೆಣ್ಣೆ ಬೇಡ. ಅದರ ಅಂಟಿಗೆ ಇಂಥ ಕೂದಲು ಸಿಕ್ಕುಗಟ್ಟುತ್ತದೆ.

ನಮ್ಮ ಅಡುಗೆಮನೆಯಲ್ಲೇ ಇರುವ ಅಗಸೆ ಇದಕ್ಕೆ ಚೆನ್ನಾಗಿ ಒದಗುತ್ತದೆ. ಚಟ್ನಿಗೆಂದು ಹುರಿದಿಟ್ಟದ್ದಲ್ಲ, ಹಸಿ ಬೀಜ. ಕಾಲು ಬಟ್ಟಲು ಬೀಜವನ್ನು ಎರಡು ಬಟ್ಟಲು ನೀರಿನಲ್ಲಿ ಕೈಯಾಡಿಸುತ್ತ ಕುದಿಸಿ, ಲೋಳೆಯಾಗಿ ಚಮಚದಿಂದ ಎಳೆ ಬರುವ ಹದಕ್ಕೆ ಇಳಿಸಿ, ಬಿಸಿ ಇರುವಾಗಲೇ ಸೋಸಿ. ಆರಿದರೆ ಸೋಸಲು ಆಗದು. ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು. ತೇವ ಕೂದಲಿಗೆ ಇದನ್ನು ಸವರಿ ಎರಡು ಸಡಿಲ ಹೆರಳು ಹಾಕಿ, ಪೂರ್ತಿ ಒಣಗಿದ ಮೇಲೆ ಬಿಚ್ಚಿ. ಬುಡದ ಗುಂಗುರು ತುಸು ಸಡಿಲಾಗಿ, ನೆಟ್ಟಗಿನ ತುದಿಗೂ ಅಲೆ ಬಂದು, ಎರಡೂ ಒಂದೇ ಬಗೆಯಂತೆ ಕಾಣುತ್ತವೆ. ಇಸ್ತ್ರಿ ಮುಟ್ಟದೆ ಈ ಅವಧಿಯನ್ನು ಕಳೆಯಲು ಹೆರಳಿಗಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಬಿಗಿಯಾಗಿ ಮಾತ್ರ ಹಾಕಬೇಡಿ, ಹಣೆಯ ಅಂಚಿನ ಕೂದಲು ಬುಡಸಹಿತ ಹೋಗುತ್ತದೆ. ಸ್ಕೂಟಿಯಲ್ಲಿ ಹೋಗುವಾಗ ಸ್ಕಾರ್ಫಿನ ಒಳಗೆ ನುಣುಪು ಬಟ್ಟೆಯೊಂದನ್ನು ಕಟ್ಟಿಕೊಳ್ಳಿ. ಹಳೆಯ ರೇಷ್ಮೆ ಸೀರೆಯ ತುಂಡು ದಿಂಬಿನ ಗವಸಿಗೂ ಆಗುತ್ತದೆ.

ಇನ್ನು ಕತ್ತರಿಯ ಲೆಕ್ಕ. ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂ.ಮೀ. ಬೆಳೆಯುತ್ತದೆ. ಎರಡು ತಿಂಗಳಿಗೊಮ್ಮೆ 2 ಸೆಂ.ಮೀ. ತೆಗೆಸುತ್ತ ಹೋದರೆ ಒಟ್ಟು ಉದ್ದ ಹೆಚ್ಚುಕಡಿಮೆ ಹಾಗೇ ಇದ್ದು, ಹಳೆಯ ಭಾಗ ಮಾತ್ರ ಕರಗುತ್ತ ಬರುತ್ತದೆ. ಆದರೆ ನೆಟ್ಟಗಿನ ಭಾಗ 30 ಸೆಂ.ಮೀ. ಇದ್ದರೆ ಹೀಗೆ ಎರಡೂವರೆ ವರ್ಷ ಬೇಕು. ಅಷ್ಟು ಕಾಯುವ ಬದಲು, ಹೊಸ ಕೂದಲು 15 ಸೆಂ.ಮೀ. ಆದಾಗ ಉಳಿದದ್ದನ್ನು ಒಮ್ಮೆಗೇ ತೆಗೆಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಆಗ ಕೂದಲು ಕಿವಿಯ ಕೆಳಗಿನವರೆಗೆ ಇರುತ್ತದೆ, ಪಿನ್ನು ಹಾಕಿ ಕಟ್ಟಲೂಬಹುದು.

ಎರಡೂ ಬಗೆಯನ್ನು ಸರಿಹೊಂದಿಸುತ್ತೇವೆಂದು ಪಾರ್ಲರ್‌ನವರು ಕೆರಟಿನ್ ಟ್ರೀಟ್‌ಮೆಂಟ್ ಅಥವಾ ಸ್ಮೂದನಿಂಗ್ ಸೂಚಿಸಿದರೆ ಬೇಡವೆನ್ನಿ. ಅಂಥ ಕೆಲವು ದ್ರಾವಣಗಳು ಕಾಯಿಸಿದಾಗ ಕ್ಯಾನ್ಸರ್‌ಕಾರಕವಾದ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಅದಕ್ಕೆ ಬದಲಾಗಿ ಬಂದ ಗ್ಲೈಆಕ್ಸಿಲಿಕ್ ಆಮ್ಲದಿಂದ ಮೂತ್ರಪಿಂಡಕ್ಕೆ ತೊಂದರೆಯಾದ ಪ್ರಕರಣ 2024ರಲ್ಲಿ ವೈದ್ಯಕೀಯ ನಿಯತಕಾಲಿಕೆಯಲ್ಲಿ ವರದಿಯಾಗಿದೆ. ಕಪ್ಪು ಮೆಹೆಂದಿಯೂ ಬೇಡ.

ಉದುರಿದ ಎಳೆಗಳನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಗಿಡ್ಡ ತುಂಡುಗಳಾಗಿದ್ದರೆ ಅದು ಮುರಿತ, ಮೇಲಿನ ಆರೈಕೆಯಿಂದ ತಗ್ಗುತ್ತದೆ. ಪೂರ್ತಿ ಉದ್ದವಿದ್ದು ಒಂದು ತುದಿಯಲ್ಲಿ ಬಿಳಿ ಗಂಟಿದ್ದರೆ ಅದು ಬುಡದಿಂದಲೇ ಉದುರಿದ್ದು. ಅಂಥವು ಗೊಂಚಲುಗೊಂಚಲಾಗಿ ಬರುತ್ತಿದ್ದರೆ, ಅಥವಾ ನೆತ್ತಿಯಲ್ಲಿ ಉರಿ, ಗಾಯ, ಬೋಳು ಕಲೆ ಇದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿ, ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ಸಂಗ್ರಹ) ಮತ್ತು ಥೈರಾಯ್ಡ್ ಪರೀಕ್ಷೆಗಳ ಬಗ್ಗೆ ಅವರನ್ನೇ ಕೇಳಿ.